ನಡುಗೋಡೆಯ ಬಾಯ್ಲರು

ನಮ್ಮ ಅತ್ತೆಯವರ ಮಂಡಿ ಹಿಡಿದುಕೊಂಡದ್ದು ನಾನು ಹೊಳೆನರಸೀಪುರಕ್ಕೆ ಸೊಸೆಯಾಗಿ ಹೋದ ಮೂರನೆಯ ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಅವರು ಗೋಡೆ ಹಿಡಿದೇ ನಡೆಯಬೇಕು, ಕೂತರೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು. ಆಸ್ಪತ್ರೆಯ ಡಾಕ್ಟರು ಹಚ್ಚಿಕೊಳ್ಳಲು ಎಣ್ಣೆ ಕೊಟ್ಟು, "ದಿನಾ ಎರಡು ಹೊತ್ತು ಮೈ ತಾಳುವಷ್ಟು ಬಿಸಿನೀರು ಹುಯ್ಯಿರಿ. ಒಂದು ದಿನವೂ ತಪ್ಪಿಸಬೇಡಿ" ಎಂದರು.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಬಚ್ಚಲ ಒಲೆ ಹತ್ತಿಸಿದರೆ ಅದೇ ಹೆಚ್ಚು. ಒಲೆಯ ಮೇಲೆ ಹೂತಿಟ್ಟಿದ್ದ ದೊಡ್ಡ ಹಂಡೆ ಕಾಯಬೇಕಾದರೆ ಒಂದು ಹೊರೆ ಸೌದೆ ಉರಿಯಬೇಕು. ಹೊಗೆ ಹೋಗುವುದಕ್ಕೆ ಹೆಂಚಿನ ಸಂದಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅತ್ತೆಯವರಿಗೆ ನೀರು ಹುಯ್ದು ಹೊರಗೆ ಬರುವಷ್ಟರಲ್ಲಿ ನನ್ನ ಕಣ್ಣು ಕೆಂಡವಾಗಿರುತ್ತಿತ್ತು. ಅವರು ನನ್ನ ಮುಖ ನೋಡಿ, "ನಂಗೇನೂ ಬ್ಯಾಡ ಬಿಡು ಮಗಾ, ನೋವು ಅದರ ಪಾಡಿಗೆ ಇರ್ಲಿ" ಎನ್ನುತ್ತಿದ್ದರು. ನೋವೇನೂ ಅದರ ಪಾಡಿಗೆ ಇರುತ್ತಿರಲಿಲ್ಲ.

ನನ್ನ ಗಂಡ ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಹಾಗೆ ಬಂದ ಒಂದು ಭಾನುವಾರ, ತಮ್ಮ ಸಾಹೇಬರ ಮನೆಯಲ್ಲಿ ತಾಮ್ರದ ಬಾಯ್ಲರು ಇಟ್ಟಿದ್ದಾರೆಂದು ಹೇಳಿದರು. ಎದೆಮಟ್ಟದ ಪೀಪಾಯಿಯಂಥದ್ದು, ನಡುವೆ ಒಂದು ಕೊಳವೆ, ಆ ಕೊಳವೆಯೊಳಗೆ ಬೆಂಕಿ, ಸುತ್ತ ನೀರು. ನಾಲ್ಕು ತೆಂಗಿನ ಕರಟ, ಎರಡು ಸೀಳು ಸೌದೆ ಹಾಕಿದರೆ ಸಾಕು, ನಲ್ಲಿ ತಿರುಗಿಸಿದರೆ ಸುಡುಸುಡು ನೀರು. ಹೊಗೆಯೆಲ್ಲ ಮೇಲಿನ ಕೊಳವೆಯಲ್ಲಿ ಆಚೆ ಹೋಗುತ್ತದೆ.

ಊಟ ಮಾಡುತ್ತಿದ್ದ ಮಾವನವರು ಕೈ ನಿಲ್ಲಿಸಿ ಮಗನನ್ನು ನೋಡಿದರು. "ಅಕ್ಕಿ ಮಿಲ್ಲಿನಾಗೆ ಸಿಡೀತಲ್ಲ, ಅದೇನ್ಲಾ?"

"ಅದು ಉಗಿ ಬಾಯ್ಲರು ಅಪ್ಪ. ಇದು ನೀರು ಕಾಸೋದು."

"ಅದರಾಗೂ ನೀರೇ ಇದ್ದಿದ್ದು."

ಮಾವನವರ ಸ್ವಭಾವವನ್ನು ಇಲ್ಲೇ ಹೇಳಬೇಕು. ಅವರಿಗೆ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇತ್ತು. ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ನೂಲು ಎಷ್ಟು, ಗಂಜಿ ಎಷ್ಟು ಎಂದು ಹೇಳಬಲ್ಲವರು. ಮನುಷ್ಯರನ್ನೂ ಅವರು ಹಾಗೇ ಉಜ್ಜಿ ನೋಡುತ್ತಿದ್ದರು. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ, ನಗದಿದ್ದರೂ ಬೆರೆಸಿದ್ದಾಳೆ. ಬೀಗರು ಕಾಗದ ಬರೆದರೆ ಏನೋ ಬೇಕಾಗಿದೆ, ಬರೆಯದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಕೆಟ್ಟವರಲ್ಲ. ತಮಗೆ ಯಾರೂ ಮೋಸ ಮಾಡಿಲ್ಲ ಎಂಬುದೊಂದೇ ಅವರ ಜೀವನದ ಹೆಮ್ಮೆ, ಅದನ್ನು ಕೊನೆಯ ತನಕ ಕಾಪಾಡಿಕೊಳ್ಳಬೇಕೆಂಬ ಹಟ.

ಅವರು ಎಲ್ಲರಿಗಿಂತ ಹೆಚ್ಚಾಗಿ ಅನುಮಾನಿಸುತ್ತಿದ್ದದ್ದು ಒಡಹುಟ್ಟಿದ ತಮ್ಮನನ್ನು. ಮನೆ ಮೊದಲು ಒಂದೇ ಇತ್ತು. ನಾನು ಬರುವುದಕ್ಕೆ ಮುಂಚೆಯೇ ಪಾಲಾಗಿ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಗೋಡೆಯ ಈಚೆ ನಾವು, ಆಚೆ ಚಿಕ್ಕಮಾವ. ಗೋಡೆ ಎದ್ದರೂ ಮೇಲಿನ ಮಾಡು ಒಂದೇ. ಉದ್ದದ ಒಂದು ಹಲಸಿನ ತೊಲೆ ಎರಡು ಮನೆಗೂ ಸೇರಿ ಗೋಡೆಯ ನೆತ್ತಿಯ ಮೇಲೆ ಮಲಗಿತ್ತು. ಅದನ್ನು ಪಾಲು ಮಾಡುವುದಕ್ಕೆ ಯಾರಿಗೂ ಆಗಿರಲಿಲ್ಲ. ಚಿಕ್ಕಮಾವನದು ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹರಡಿ, ಒಳಗಿನ ನೀರು ಬತ್ತಿ ಗಿಟುಕು ಕೊಬ್ಬರಿಯಾಗುವ ತನಕ ತಿಂಗಳುಗಟ್ಟಲೆ ಕಾಯುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು.

ಆ ಭಾನುವಾರ ಬಾಯ್ಲರಿನ ಮಾತು ಅಲ್ಲಿಗೇ ನಿಂತಿತು. ಆದರೆ ಆಮೇಲೊಂದು ಮುಂಜಾನೆ ಅತ್ತೆಯವರು ಬಚ್ಚಲಲ್ಲಿ ಏಳಲಾರದೆ, ಮಾವನವರು ಕೇಳಿಸಿಕೊಳ್ಳುತ್ತಾರೆಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಮಾವನವರು ಕೇಳಿಸಿಕೊಂಡೇ ಇದ್ದರು. ಅಂಗಡಿಗೆ ಹೊರಟವರು ಬಾಗಿಲಲ್ಲಿ ತಿರುಗಿ, "ನಾಳೆ ಆಸನಕ್ಕೆ ಓಗ್ಬರೋಣ. ನೀನೂ ಬಾ. ಬೆಂಕಿ ಆಕೋಳು ನೀನು, ಇಂಗ್ಲಿಷು ಬರೋಳೂ ನೀನು" ಎಂದರು. ನಾನು ಚನ್ನರಾಯಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಮೂರನೆಯ ಫಾರಂ ತನಕ ಓದಿದ್ದೆ. ಮದುವೆಯ ಮಾತಿನಲ್ಲಿ ಅದನ್ನು ದೋಷ ಎಂದು ಎಣಿಸಿದ್ದ ಮಾವನವರು ಆಗಾಗ ಅದನ್ನು ಹೀಗೆ ಉಪಯೋಗಕ್ಕೆ ತರುತ್ತಿದ್ದರು.

ಬೆಳಗಿನ ರೈಲಿನಲ್ಲಿ ಹಾಸನಕ್ಕೆ ಹೋದೆವು. ಪಾತ್ರೆ ಅಂಗಡಿಯಲ್ಲಿ ಮೂರು ಬಾಯ್ಲರು ಸಾಲಾಗಿ ನಿಂತಿದ್ದವು. ಮೂರೂ ಹೊಳೆಯುತ್ತಿದ್ದವು, ಅದೇ ಮಾವನವರಿಗೆ ಹಿಡಿಸಲಿಲ್ಲ. ಬೆರಳ ಗೆಣ್ಣಿನಿಂದ ಒಂದೊಂದನ್ನೂ ಮೇಲಿಂದ ಕೆಳಗೆ ತಟ್ಟಿ ಕಿವಿ ಕೊಟ್ಟರು. ಜೇಬಿನಿಂದ ಹುಣಸೆಹಣ್ಣಿನ ಉಂಡೆ ತೆಗೆದು ಬುಡದಲ್ಲಿ ಉಜ್ಜಿ, ಬಣ್ಣ ಯಾವ ಕಡೆ ತಿರುಗುತ್ತದೆಂದು ನೋಡಿದರು. ಮನೆಯಿಂದ ಹುಣಸೆಹಣ್ಣು ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಅಂಗಡಿಯವನೇ ಅವನ್ನು ಮಾಡಿದ ಕಂಚುಗಾರ. ಕೈಕಟ್ಟಿಕೊಂಡು ಎಲ್ಲವನ್ನೂ ನೋಡಿದ. "ತಾಮ್ರವೇಯ ಸಾ. ಬೇಕಾರೆ ಕಚ್ಚಿ ನೋಡಿ."

"ಬೆಸುಗೆ ಎಂಥದು?"

"ಬೆಳ್ಳಿಬೆಸುಗೆ ಸಾ. ಒಳಗೆ ನೀರಿರೋಗಂಟ ಬಿಡಾಕಿಲ್ಲ. ನೀರಿಲ್ದೆ ಬೆಂಕಿ ಆಕುದ್ರೆ ಮಾತ್ರ ಬುಟ್ಬುಡ್ತದೆ. ಅದು ನನ್ ತಪ್ಪಲ್ಲ."

"ಇದು ಸಿಡಿದ್ರೆ?"

"ಯಾಕ್ ಸಿಡೀತದೆ? ಮೇಲ್ಗಡೆ ಮುಚ್ಚಳ ಸಡಿಲವಾಗೈತೆ, ಆವಿ ಓಗ್ಲಿ ಅಂತಲೇ. ಅಲ್ಲಿ ಕಲ್ಲು ಗಿಲ್ಲು ಏರಬ್ಯಾಡಿ."

ಮಾವನವರು ನನ್ನನ್ನು ಪಕ್ಕಕ್ಕೆ ಕರೆದು, "ನೋಡ್ದಾ, ಈಗಲೇ ತಪ್ಪೆಲ್ಲ ನಮ್ಮೇಲೆ ಆಕ್ತಾವ್ನೆ" ಎಂದರು. ನನಗೆ ಆ ಕಂಚುಗಾರ ಸರಿಯಾಗಿಯೇ ಹೇಳುತ್ತಿದ್ದಾನೆ ಅನ್ನಿಸಿತ್ತು. ಆದರೂ ಮಾವನವರು ಪಿಸುಗುಟ್ಟಿದ ಮೇಲೆ ಅವನ ಮುಖದಲ್ಲಿ ಏನೋ ಕಳ್ಳತನ ಕಂಡಂತಾಯಿತು. ಅನುಮಾನ ನೆಗಡಿಯ ಹಾಗೆ ಅಂಟಿಕೊಳ್ಳುವಂಥದ್ದು ಎಂದು ನನಗೆ ಗೊತ್ತಾದದ್ದು ಆ ಮನೆಯಲ್ಲಿಯೇ.

ಕೊನೆಗೆ ಅವರು ಆರಿಸಿದ್ದು ಮೂರರಲ್ಲಿ ಎಲ್ಲಕ್ಕಿಂತ ಮಂಕಾಗಿದ್ದದ್ದನ್ನು. ಕಂಚುಗಾರ ಅದಕ್ಕೂ ಹುಬ್ಬೇರಿಸಲಿಲ್ಲ. "ಇದು ದಪ್ಪ ತಗಡಿಂದು ಸಾ. ನಿಮ್ ಕೈಗೆ ಅದು ಗೊತ್ತಾಗೈತೆ" ಎಂದ. ಆ ಮಾತಿಗೆ ಮಾವನವರು ಗೆದ್ದೆನೋ ಸೋತೆನೋ ತಿಳಿಯದೆ ರೈಲು ಹೊಳೆನರಸೀಪುರ ತಲುಪುವ ತನಕ ಹೆಬ್ಬೆರಳು ತೋರುಬೆರಳು ಉಜ್ಜಿಕೊಳ್ಳುತ್ತ ಕೂತಿದ್ದರು.

ಬಾಯ್ಲರು ಇಡುವುದಕ್ಕೆ ಗಾರೆ ಕೆಲಸದ ಮೇಸ್ತ್ರಿ ಬಂದ. ಬಚ್ಚಲಿಗೆ ಎರಡು ದೊಡ್ಡ ಗೋಡೆ. ಒಂದು ಹಿತ್ತಲಿನ ಕಡೆಯದು, ಆಚೆ ಬಯಲು. ಇನ್ನೊಂದು ಚಿಕ್ಕಮಾವನ ಮನೆಗೂ ನಮಗೂ ನಡುವಿನದು. ಮೇಸ್ತ್ರಿ ಹಿತ್ತಲ ಗೋಡೆ ತೋರಿಸಿ, "ಇಲ್ಲಿಟ್ರೆ ಕೊಳವೆ ಸಲೀಸಾಗಿ ಆಚೆ ಓಯ್ತದೆ" ಎಂದ.

"ಬ್ಯಾಡ. ನಡುಗೋಡೆ ಮಗ್ಗುಲಲ್ಲೇ ಇರ್ಲಿ."

"ಅಲ್ಲಿ ಮೇಲೆ ತೊಲೆ ಐತೆ ಯಜಮಾನ್ರೇ. ಕೊಳವೆ ತೊಲೆಗೆ ತಗಲ್ತದೆ. ಗೇಣುದ್ದ ಬಿಟ್ಟು ಸೊಟ್ಟ ತಿರುಗಿಸ್ಬೇಕು."

"ಸೊಟ್ಟ ಗಿಟ್ಟ ಬ್ಯಾಡ. ನೆಟ್ಟಗೆ ಹೊಡಿ."

ನಾನು ಮೇಸ್ತ್ರಿಗೆ ನೀರು ತಂದುಕೊಡುತ್ತ ಅಲ್ಲೇ ನಿಂತಿದ್ದೆ. ಮಾವನವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅಂದಾಜಿತ್ತು. ಚಿಕ್ಕಮಾವ ಹಿತ್ತಲಲ್ಲಿ ಕರಟ ಸುಡುವಾಗ ಹೊಗೆಯೆಲ್ಲ ನಮ್ಮ ಅಂಗಳಕ್ಕೆ ಬರುತ್ತಿತ್ತು. ಒಣಗಲು ಹಾಕಿದ ಬಟ್ಟೆಯೆಲ್ಲ ಕಮಟು. ಅದನ್ನು ಬೇಕೆಂದೇ ಮಾಡುತ್ತಾನೆ ಎಂದು ಮಾವನವರು ಎಷ್ಟೋ ಸಲ ಹಲ್ಲು ಕಡಿದಿದ್ದರು. ಈಗ ಕೊಳವೆಯ ಬಾಯಿ ಹೆಂಚಿನ ಮೇಲೆ ನೇರವಾಗಿ ಆ ಕಡೆಗೆ ತಿರುಗಿ ನಿಂತಿತು.

ಮೊದಲ ದಿನ ಬೆಂಕಿ ಹಾಕುವಾಗ ಮಾವನವರು ಎಲ್ಲರನ್ನೂ ಅಂಗಳಕ್ಕೆ ಕಳಿಸಿ ತಾವೂ ಕಂಬದ ಮರೆಯಲ್ಲಿ ನಿಂತರು. ಬೆಂಕಿ ಹಾಕಿದವಳು ಮಾತ್ರ ನಾನು! ಅರ್ಧ ಗಂಟೆಯಲ್ಲಿ ಮುಚ್ಚಳ ಸಣ್ಣಗೆ ಗುನುಗಿತು. ನಲ್ಲಿ ತಿರುಗಿಸಿದೆ. ಹಬೆಯಾಡುವ ನೀರು ತಾಮ್ರದ ಬಿಂದಿಗೆಗೆ ಧಾರೆಯಾಗಿ ಇಳಿಯಿತು. ಅಂದು ಅತ್ತೆಯವರು ಮಂಡಿಯ ಮೇಲೆ ನೀರು ಸುರಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಕರಿಕೋಟು, ಜರಿಯಿಲ್ಲದ ಬಿಳಿ ಪೇಟ, ಕಪ್ಪು ಬೂಟು, ಕೈಯಲ್ಲಿ ಛತ್ರಿ, ಚರ್ಮದ ಚೀಲ ಹಿಡಿದವರೊಬ್ಬರು ಬಾಗಿಲಿಗೆ ಬಂದರು. ಹಾಸನದ ವಿಮೆ ಏಜೆಂಟರಂತೆ. "ನಿಮ್ಮಲ್ಲಿ ಹೊಸದಾಗಿ ಬಾಯ್ಲರು ಇಟ್ಟಿದ್ದೀರಂತೆ. ಒಂದು ಸಲ ನೋಡಬಹುದಾ?"

ಮಾವನವರ ಹುಬ್ಬು ಗಂಟಾಯಿತು. "ಯಾರು ಯೋಳಿದ್ದು?"

"ಅದನ್ನ ನಾನು ಹೇಳೋ ಹಾಗಿಲ್ಲ ಯಜಮಾನ್ರೇ. ಬೆಂಕಿ ವಿಮೆ ಕೆಲಸ ನಂದು. ಬೆಂಕಿ ಇರೋ ಕಡೆ ನೋಡಬೇಕಾಗುತ್ತೆ."

"ಬೆಂಕಿ ಎಲ್ಲರ ಮನೇಲೂ ಐತೆ. ನಮ್ಮನೇನೇ ಯಾಕೆ?"

ಅವರು ಛತ್ರಿ ಮಡಿಸಿ ಬಾಗಿಲಿಗೆ ಒರಗಿಸಿದರು. ಮಾವನವರು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟದ್ದು, ಬಂದವನ ಹಿಂದೆ ಯಾರಿದ್ದಾರೆ ಎಂದು ತಿಳಿಯುವ ಆಸೆಯಿಂದ. ಏಜೆಂಟರು ಬಚ್ಚಲಿಗೆ ಬಂದು ಬಾಯ್ಲರನ್ನು ಮುಟ್ಟಲೂ ಇಲ್ಲ. ತಲೆಯೆತ್ತಿ ಕೊಳವೆಯನ್ನು ನೋಡಿದರು. ಅಂಗೈಯನ್ನು ನಡುಗೋಡೆಯ ಮೇಲೆ ಬೇರೆ ಬೇರೆ ಕಡೆ ಊರಿ ನೋಡಿದರು. ನನ್ನ ಕಡೆ ತಿರುಗಿ, "ತಾಯಿ, ದಿನಕ್ಕೆ ಎಷ್ಟು ಹೊತ್ತು ಬೆಂಕಿ ಇರುತ್ತೆ?" ಎಂದರು. ಎರಡು ಹೊತ್ತೂ ಸೇರಿ ಮೂರು ಗಂಟೆ ಎಂದೆ. ಚೀಟಿಯಲ್ಲಿ ಏನೋ ಬರೆದುಕೊಂಡರು.

ಮಾವನವರಿಗೆ ತಡೆಯಲಾಗಲಿಲ್ಲ. "ಬಾಯ್ಲರಿಗೆ ವಿಮೆ ಮಾಡ್ತೀರೋ, ಮನೆಗೋ?"

"ಮನೆಗೆ. ಆದರೆ ಈ ಕೊಳವೆ ಇಲ್ಲಿರೋ ತನಕ ನಿಮ್ಮ ಮನೆಗೆ ನಾನು ಪಾಲಿಸಿ ಕೊಡಕ್ಕಾಗಲ್ಲ."

"ನಾನೆಲ್ಲಿ ಕೇಳ್ದೆ?"

"ಕೇಳಿದ್ರೂ ಕೊಡಲ್ಲ ಅಂತ ಹೇಳ್ದೆ" ಎಂದು ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ಇದು ಮಾವನವರನ್ನು ಬಹಳ ಗಲಿಬಿಲಿಗೊಳಿಸಿತು. ಮಾರಲು ಬಂದವನು ಮಾರುವುದಿಲ್ಲ ಎಂದು ಹೋಗುವುದು ಅವರ ಅಷ್ಟು ವರ್ಷದ ವ್ಯಾಪಾರದಲ್ಲಿ ಕಂಡಿರದ ಸಂಗತಿ. ಮೊದಲು ಹಾಸನದ ಕಂಚುಗಾರನೇ ಕಳಿಸಿದ್ದಾನೆ, ಹೊಸ ಕೊಳವೆ ಮಾರುವ ಉಪಾಯ ಎಂದರು. ಮಧ್ಯಾಹ್ನ ಊಟದ ಹೊತ್ತಿಗೆ ಮೇಸ್ತ್ರಿ ಕಳಿಸಿದ್ದಾನೆ ಎಂದರು. ಸಂಜೆ ಅಂಗಡಿಯಿಂದ ಬಂದವರೇ ಧ್ವನಿ ತಗ್ಗಿಸಿ, ಗೋಡೆಯ ಕಡೆ ಗದ್ದ ಎತ್ತಿ, "ಅವನದೇ ಕೆಲಸ" ಎಂದರು.

ಅತ್ತೆಯವರು ಕೇಳಿದರು. "ಅವ್ನಿಗೇನು ಲಾಭ?"

"ನಮ್ ಬಾಯ್ಲರು ಕೀಳಿಸೋದು. ನೀನು ಬಿಸಿನೀರು ಹುಯ್ಕೊಳ್ಳೋದು ಅವನಿಗೆ ಸೈಸಾಕಿಲ್ಲ."

ಅತ್ತೆಯವರು ಮುಖ ತಿರುಗಿಸಿಕೊಂಡರು. ಅವರು ಮದುವೆಯಾಗಿ ಬಂದಾಗ ಚಿಕ್ಕಮಾವನಿಗೆ ಐದು ವರ್ಷ, ತಾಯಿ ಇಲ್ಲದ ಹುಡುಗ. ಎತ್ತಿ ಆಡಿಸಿದವರು ಅತ್ತೆಯವರೇ. ಆ ವಿಷಯವನ್ನು ಅವರು ಎಂದೂ ವಾದಕ್ಕೆ ತಂದವರಲ್ಲ.

ಅಂದಿನಿಂದ ನಾನೂ ಕಿವಿ ಅಗಲಿಸಿಕೊಂಡೇ ಬಚ್ಚಲಿಗೆ ಹೋಗತೊಡಗಿದೆ. ಬೆಂಕಿ ಹತ್ತಿಸಿ ಸ್ವಲ್ಪ ಹೊತ್ತಾದ ಮೇಲೆ ಗೋಡೆಯಾಚೆ, ಮೇಲ್ಗಡೆ, ಹಲಗೆಯ ಮೇಲೆ ಯಾರೋ ನಡೆದ ಸದ್ದು. ನಡೆದು ಬಂದು ಸರಿಯಾಗಿ ನಮ್ಮ ಕೊಳವೆ ಇದ್ದ ಕಡೆ ನಿಲ್ಲುತ್ತಿತ್ತು. ಬೆಂಕಿ ಆರುವ ತನಕ ಮತ್ತೆ ಸದ್ದಿಲ್ಲ. ಒಂದು ದಿನವಲ್ಲ, ದಿನಾಲೂ. ಸ್ನಾನದ ಮನೆಯಲ್ಲಿ ಹೆಂಗಸರಿರುವಾಗ ಮೇಲೆ ಬಂದು ನಿಲ್ಲುವುದೆಂದರೆ ಏನು? ಸಂದಿಯಲ್ಲಿ ನೋಡುತ್ತಾರೆಯೆ? ಸೀರೆ ಬಿಗಿಯಾಗಿ ಸುತ್ತಿಕೊಂಡೇ ಅತ್ತೆಯವರಿಗೆ ನೀರು ಹುಯ್ಯುತ್ತಿದ್ದೆ. ಹೇಳಿಕೊಳ್ಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ಕೊನೆಗೆ ಮಾವನವರಿಗೆ ಹೇಳಿದೆ. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕೇಳಿದ್ದು ಬರಿಯ ಹೆಜ್ಜೆ ಸಪ್ಪಳ. ಅದನ್ನಷ್ಟೇ ಹೇಳಲು ನಾಚಿಕೆಯಾಗಿ, "ಗೋಡೆ ಕೆರೆದ ಹಾಗೆ ಕೇಳ್ತದೆ ಮಾವ" ಎಂದುಬಿಟ್ಟೆ. ಅವರು ಆ ಮಾತಿಗೇ ಕಾಯುತ್ತಿದ್ದವರಂತೆ ಎದ್ದುನಿಂತರು. "ಯೋಳಿರ್ಲಿಲ್ವಾ ನಾನು? ತೂತು ಕೊರೀತಾವ್ನೆ. ಬೆಂಕಿ ಬೀಳ್ಳಿ, ತಪ್ಪು ನಮ್ ಮೇಲೆ ಬರ್ಲಿ ಅಂತ." ಮೂರು ದಿನ ಅಂಗಡಿಗೆ ತಡವಾಗಿ ಹೋದರು. ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತು ಆಲಿಸಿದರು. ಅವರಿಗೂ ಹೆಜ್ಜೆ ಕೇಳಿತು. ಕೆರೆತ ಕೇಳದಿದ್ದರೂ ಕೇಳಿತೆಂದರು. ನಾನು ಸುಮ್ಮನಿದ್ದೆ.

ನಾಲ್ಕನೆಯ ಬೆಳಿಗ್ಗೆ ಅತ್ತೆಯವರ ಸ್ನಾನ ಮುಗಿಸಿ ಕೈಹಿಡಿದು ಈಚೆ ಕರೆತರುತ್ತಿದ್ದೆ. ಹಿಂದೆ ಚುಂಯ್ ಎಂದು ಸದ್ದಾಯಿತು. ತಿರುಗಿದರೆ ಗೋಡೆಯ ನೆತ್ತಿಯಿಂದ ಕೆಂಪು ರಾಡಿ ನೀರು ಇಳಿದು ಕಾದ ಕೊಳವೆಯ ಮೇಲೆ ಸುರಿದು ಆವಿಯಾಗುತ್ತಿತ್ತು. ಮಾವನವರು ಅದನ್ನು ನೋಡಿದವರೇ ಹೊರಗೆ ನಡೆದರು. ಅವರು ಎಲ್ಲಿಗೆ ಹೊರಟರೆಂದು ಅತ್ತೆಯವರಿಗೆ ಗೊತ್ತಾಯಿತು. "ನೀನೂ ಓಗು. ಒಬ್ರನ್ನೇ ಬುಡಬ್ಯಾಡ" ಎಂದು ನನ್ನನ್ನು ದಬ್ಬಿದರು.

ಬೀದಿಗೆ ಬಂದು ಎಡಕ್ಕೆ ಹತ್ತು ಹೆಜ್ಜೆ ಇಟ್ಟರೆ ಚಿಕ್ಕಮಾವನ ಬಾಗಿಲು. ಮಾವನವರು ಆರು ವರ್ಷದಿಂದ ತುಳಿಯದ ಮೆಟ್ಟಿಲು. ಆ ಮೆಟ್ಟಿಲ ಪಕ್ಕದಲ್ಲಿ ಕಪ್ಪು ಬೂಟು, ಗೋಡೆಗೆ ಒರಗಿಸಿದ ಛತ್ರಿ. ವಿಮೆ ಏಜೆಂಟರದೇ.

ಮಾವನವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಒಂದು ಬಗೆಯ ತೃಪ್ತಿ ಇತ್ತು. "ನೋಡಮ್ಮ. ಇಬ್ರೂ ಒಂದೇ" ಎಂದರು. ನನಗೂ ಆಗ ಸಂಶಯ ಉಳಿಯಲಿಲ್ಲ. ಕಣ್ಣೆದುರೇ ಬೂಟು ಇತ್ತಲ್ಲ.

ಒಳಗೆ ಯಾರೂ ಇರಲಿಲ್ಲ. ಅಟ್ಟದ ಏಣಿ ಗೋಡೆಗೆ ಆನಿಸಿತ್ತು, ಮೇಲೆ ಮಾತು ಕೇಳುತ್ತಿತ್ತು. ಮಾವನವರು ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿಯೇಬಿಟ್ಟರು. ಆ ವಯಸ್ಸಿನಲ್ಲಿ ಬಿದ್ದಾರೆಂದು ಹೆದರಿ ನಾನೂ ಹಿಂದೆಯೇ ಹತ್ತಿದೆ.

ಅಟ್ಟದ ತುಂಬ ತೆಂಗಿನಕಾಯಿ. ಗೋಡೆಯಿಂದ ಗೋಡೆಗೆ ಮಂಡಿಮಟ್ಟ. ಆದರೆ ನಡುಗೋಡೆಯ ಕಡೆ, ನಮ್ಮ ಕೊಳವೆ ಇದ್ದ ಜಾಗದಲ್ಲಿ, ಎರಡು ಚಾಪೆ ಹಾಸುವಷ್ಟು ಜಾಗ ಖಾಲಿ. ಒಂದು ಕಾಯಿಯೂ ಇಲ್ಲ, ನಾರಿನ ಎಳೆಯೂ ಇಲ್ಲ, ಗುಡಿಸಿ ಇಟ್ಟಿತ್ತು. ಅಲ್ಲಿ ನೀರು ತುಂಬಿದ ಎರಡು ಮಣ್ಣಿನ ಕೊಡ, ಮಗುಚಿ ಬಿದ್ದಿದ್ದ ಮೂರನೆಯ ಕೊಡ, ಒಂದು ಮಣೆ. ಚಿಕ್ಕಮಾವ ಮೊಣಕೈ ತನಕ ಕೆಮ್ಮಣ್ಣು ಮೆತ್ತಿಕೊಂಡು ಮಂಡಿಯೂರಿ ಕೂತಿದ್ದರು. ಏಜೆಂಟರು ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು ಬಗ್ಗಿ ತೊಲೆ ನೋಡುತ್ತಿದ್ದರು.

ತೊಲೆಯ ಮೈಗೆ ಮಣ್ಣು ಬಳಿದಿತ್ತು. ಒಂದು ಕಡೆ ಮಣ್ಣು ಬಿಟ್ಟು ಒಳಗಿನ ಮರ ಕಾಣುತ್ತಿತ್ತು. ಅದು ಹಲಸಿನ ಬಣ್ಣದಲ್ಲಿರಲಿಲ್ಲ. ಇದ್ದಿಲಾಗಿತ್ತು.

ಮಾವನವರು ಯಾರ ಮುಖವನ್ನೂ ನೋಡಲಿಲ್ಲ. ಕಾಯಿಗಳನ್ನು ಕಾಲಲ್ಲಿ ಸರಿಸಿಕೊಂಡು ಹೋಗಿ ತೊಲೆಯ ಕಪ್ಪಿನೊಳಗೆ ಬೆರಳು ಒತ್ತಿದರು. ಬೆರಳು ಒಂದು ಗೆಣ್ಣಿನಷ್ಟು ಒಳಗೆ ಹೋಯಿತು. ಈಚೆ ತೆಗೆದು ಹೆಬ್ಬೆರಳಿಗೆ ತಾಗಿಸಿ ಉಜ್ಜಿದರು, ಅಂಗಡಿಯಲ್ಲಿ ಬಟ್ಟೆ ಉಜ್ಜಿದ ಹಾಗೆಯೇ.

"ಎಷ್ಟು ದಿವಸದಿಂದ?" ಎಂದರು. ಆರು ವರ್ಷದ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ನೀನು ಅದನ್ನ ಇಟ್ಟ ಎಂಟನೇ ದಿನದಿಂದ" ಎಂದರು ಚಿಕ್ಕಮಾವ. "ಸೀದ ವಾಸನೆ ಬಂತು. ಮ್ಯಾಲೆ ಅತ್ತಿ ನೋಡ್ದೆ, ತೊಲೆ ಮ್ಯಾಲೆ ಕೈ ಇಡಾಕಾಗ್ನಿಲ್ಲ. ಅವತ್ತಿಂದ ನೀವು ಬೆಂಕಿ ಆಕ್ದಾಗೆಲ್ಲ ಮ್ಯಾಲೆ ಬಂದು ಕೂತ್ಕತ್ತೀನಿ. ಇವತ್ತು ಕಾಲು ಜಾರಿ ಕೊಡ ಮಗುಚ್ಕತ್ತು."

"ಯೋಳಕ್ಕೇನಾಗಿತ್ತು?"

"ಯೋಳಿದ್ರೆ ನಂಬ್ತಿದ್ಯಾ ನೀನು? ಬಾಯ್ಲರು ಕೀಳ್ಸಕ್ಕೆ ಆಡ್ತಾವ್ನೆ ಅಂತಿದ್ದೆ."

ಮಾವನವರು ಬೆರಳ ಮಸಿಯನ್ನು ಪಂಚೆಗೆ ಒರೆಸಿಕೊಂಡರು. ಅದೇ ಮಾತನ್ನು ಅವರು ನಮ್ಮ ಪಡಸಾಲೆಯಲ್ಲಿ ಆಡಿದ್ದನ್ನು ಕೇಳಿದ್ದವಳು ನಾನು. ನಾನು ತಲೆ ತಗ್ಗಿಸಿದೆ. ಸಂದಿಯಲ್ಲಿ ನೋಡುತ್ತಾರೆಂದು ನಾನು ಹೆದರಿದ್ದ ಮನುಷ್ಯ ದಿನಾ ಮೂರು ಗಂಟೆ ಹೊಗೆ ಕುಡಿಯುತ್ತ ನಮ್ಮ ಬೆಂಕಿಯನ್ನು ಕಾಯುತ್ತಿದ್ದರು.

"ಇವರನ್ನ ಕರ್ಸಿದ್ದೂ ನೀನೇಯ?" ಎಂದು ಮಾವನವರು ಏಜೆಂಟರ ಕಡೆ ಕೈ ತೋರಿಸಿದರು.

"ನಾನೇ. ವರ್ಷದ ಬದುಕೆಲ್ಲ ಈ ಅಟ್ಟದ ಮ್ಯಾಲೈತೆ. ನೀನು ಸುಟ್ಬುಡ್ತೀಯ ಅಂತ ವಿಮೆ ಮಾಡ್ಸಾಕೆ ಓದೆ. ಇವರು ನಿನ್ನ ಬಚ್ಚಲು ನೋಡ್ದೆ ಆಗಾಕಿಲ್ಲ ಅಂದ್ರು." ಚಿಕ್ಕಮಾವ ಎದ್ದುನಿಂತು ಕೈಯ ಮಣ್ಣು ಕೊಡವಿದರು. "ಮೇಸ್ತ್ರಿ ಹಿತ್ತಲ ಗೋಡೆ ತೋರ್ಸಿದ್ನಂತೆ. ನೀನೇ ಇಲ್ಲಿ ಹಾಕ್ಸಿದೆ ಅಂತ ಊರೆಲ್ಲ ಯೋಳ್ತಾವ್ನೆ. ಬೇಕು ಅಂತಲೇ ಮಾಡ್ದ್ಯಾ ಅಣ್ಣ? ನನ್ ಅಟ್ಟಕ್ಕೆ ಬೆಂಕಿ ಬೀಳ್ಳಿ ಅಂತ?"

ಏಜೆಂಟರು ಚೀಲದಿಂದ ಉದ್ದನೆಯ ಒಂದು ಫಾರಮು ತೆಗೆದಿದ್ದರು. ಅದರಲ್ಲೂ ಅದೇ ಪ್ರಶ್ನೆ ಇದ್ದಿರಬೇಕು. "ಕೊಳವೆ ಈ ಗೋಡೆ ಮೇಲೆ ಬರಕ್ಕೆ ಕಾರಣ ಏನು ಯಜಮಾನ್ರೇ? ನಾನು ಬರೀಬೇಕು" ಎಂದರು.

ಮಾವನವರು ನನ್ನ ಕಡೆ ಒಮ್ಮೆ ನೋಡಿದರು. ಮೇಸ್ತ್ರಿಯ ಮೇಲೆ ಹಾಕಬಹುದಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆಮೇಲೆ ಏಜೆಂಟರ ಕಡೆ ತಿರುಗಿ ಹೇಳಿದರು. "ಬೆಂಕಿ ಬೀಳ್ಳಿ ಅಂತಲ್ಲ. ಹೊಗೆ ಇವನ ಕಡೆ ಓಗ್ಲಿ ಅಂತ. ಅಷ್ಟೇಯ. ನಾನೇ ಯೋಳಿ ಮಾಡ್ಸಿದ್ದು."

ಏಜೆಂಟರು ಸೀಸದಕಡ್ಡಿ ಹಿಡಿದು ಫಾರಮನ್ನು ಮೇಲಿಂದ ಕೆಳಗೆ ಓದಿದರು. "ಇದಕ್ಕೆ ಇದರಲ್ಲಿ ಜಾಗ ಇಲ್ಲ" ಎಂದು ಮಡಿಸಿಟ್ಟುಕೊಂಡರು.

ಚಿಕ್ಕಮಾವ ಇದ್ದಕ್ಕಿದ್ದ ಹಾಗೆ ನಕ್ಕರು. ನಗು ಎಂದರೆ ಸಂತೋಷದ ನಗುವಲ್ಲ, ಮೂಗಿನಲ್ಲಿ ಬಂದ ಒಂದು ಉಸಿರು. "ನಾನು ಕರಟ ಸುಡ್ತಿದ್ದುದೂ ಅದಕ್ಕೇಯ" ಎಂದರು.

ಅಣ್ಣ ತಮ್ಮ ಅಪ್ಪಿಕೊಂಡು ಅತ್ತರೆಂದು ಬರೆದರೆ ಸುಳ್ಳಾಗುತ್ತದೆ. ಮಾವನವರು ಏಣಿ ಇಳಿದು ಮನೆಗೆ ಬಂದು, ನೇರವಾಗಿ ಬಚ್ಚಲಿಗೆ ಹೋಗಿ ಬಾಯ್ಲರಿನೊಳಗಿನ ಕೆಂಡವನ್ನು ಈಚೆ ಎಳೆದು ತಾವೇ ನೀರು ಹಾಕಿದರು. ಅಂದು ಸಂಜೆ ಅತ್ತೆಯವರಿಗೆ ಅಡುಗೆ ಒಲೆಯ ಮೇಲೆ ಕಾಸಿ ತಂದು ಹುಯ್ದೆ. ಅತ್ತೆಯವರು ಒಂದನ್ನೂ ಬಿಡದೆ ನನ್ನಿಂದ ಕೇಳಿ ತಿಳಿದುಕೊಂಡು, "ಊಟ ಮಾಡಿದ್ನಂತಾ?" ಎಂದರು. ಚಿಕ್ಕಮಾವ ಊಟ ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು ನನ್ನನ್ನು ಕಳಿಸಿದರು. ಬಾಗಿಲಲ್ಲಿ ಅದನ್ನು ತೆಗೆದುಕೊಂಡ ಚಿಕ್ಕಮಾವ, "ಅಣ್ಣಂಗೆ ಗೊತ್ತಾ ಇದು?" ಎಂದು ಮೊದಲು ಕೇಳಿದರು. ಗೊತ್ತು ಎಂದೆ. ಅದು ಸುಳ್ಳು.

ಅದೇ ಮೇಸ್ತ್ರಿ ಮತ್ತೆ ಬಂದ. ಬಾಯ್ಲರು ಹಿತ್ತಲ ಗೋಡೆಗೆ ಹೋಯಿತು. ತೊಲೆಯ ಸುಟ್ಟ ಭಾಗವನ್ನು ಕೆತ್ತಿ ತೆಗೆದು ಆ ಜಾಗಕ್ಕೆ ಕಲ್ಲಿನ ತುಂಡು ಕೂರಿಸಿದರು. ಆ ಕೆಲಸಕ್ಕೆ ಎರಡು ಮನೆಯ ಹೆಂಚನ್ನೂ ಇಳಿಸಬೇಕಾಯಿತು. ನಾಲ್ಕು ದಿನ ಅಣ್ಣ ಈಚೆ, ತಮ್ಮ ಆಚೆ ನಿಂತು, ಮೇಸ್ತ್ರಿ ಯಾರ ಕಡೆಗೆ ಹೆಚ್ಚು ಹೆಂಚು ಹಾಕುತ್ತಾನೆಂದು ಕಾದರು.

ಏಜೆಂಟರು ಮತ್ತೆ ಬಂದು ನೋಡಿ ಒಪ್ಪಿದರು. ಆದರೆ ಹೊಸದೊಂದು ತೊಡಕು ತಂದರು. "ಮಾಡು ಒಂದೇ, ತೊಲೆ ಒಂದೇ. ಬೇರೆ ಬೇರೆ ಪಾಲಿಸಿ ಕೊಡಲ್ಲ. ಎರಡು ಮನೆಯೂ ಸೇರಿ ಒಂದೇ ಕಾಗದ, ಇಬ್ಬರದೂ ರುಜು."

ಕಾಗದ ಇಂಗ್ಲಿಷಿನಲ್ಲಿತ್ತು. ಏಜೆಂಟರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಇಬ್ಬರೂ ತಲೆ ಆಡಿಸಿದರು, ಇಬ್ಬರೂ ನಂಬಲಿಲ್ಲ. ಮಾವನವರು ನನ್ನನ್ನು ಅಡುಗೆಮನೆಗೆ ಕರೆದು, ಅವನ ಹೆಸರು ಮೊದಲು ಯಾಕಿದೆ ನೋಡು ಎಂದರು. ಚಿಕ್ಕಮಾವ ಜಗಲಿಗೆ ಕರೆದು, ಸುಟ್ಟರೆ ಕೊಬ್ಬರಿಯ ದುಡ್ಡು ಅಣ್ಣನಿಗೆ ಹೋಗುತ್ತದೆಂದು ಎಲ್ಲಾದರೂ ಬರೆದಿದೆಯೇ ಎಂದು ಕೇಳಿದರು. ನನ್ನ ಮೂರನೆಯ ಫಾರಮಿನ ಇಂಗ್ಲಿಷಿಗೆ ಅರ್ಧ ಮಾತು ಅರ್ಥವಾಗಲಿಲ್ಲ. ಸಾಲಿನ ಕೆಳಗೆ ಬೆರಳು ಓಡಿಸುತ್ತ ಇಬ್ಬರಿಗೂ ಎಲ್ಲ ಸರಿಯಾಗಿದೆ ಎಂದೆ. ರುಜು ಹಾಕಿದರು. ಆ ಪಾಲಿಸಿ ಯಾರ ಮನೆಯಲ್ಲಿರಬೇಕೆಂದು ಮತ್ತೆ ಒಂದು ಗಂಟೆ ಮಾತಾಯಿತು. ಕೊನೆಗೆ ಅದು ಅತ್ತೆಯವರ ಸೀರೆ ಪೆಟ್ಟಿಗೆ ಸೇರಿತು. ಅವರನ್ನು ಮಾತ್ರ ಇಬ್ಬರೂ ಅನುಮಾನಿಸುತ್ತಿರಲಿಲ್ಲ.

ಆಮೇಲೆ ವರ್ಷಕ್ಕೊಮ್ಮೆ ಕಂತು ಕಟ್ಟಲು ಹಾಸನಕ್ಕೆ ಹೋಗಬೇಕಿತ್ತು. ಒಬ್ಬನೇ ಹೋದರೆ ಇನ್ನೊಬ್ಬನಿಗೆ ನಂಬಿಕೆಯಿಲ್ಲ. ಹಾಗಾಗಿ ಇಬ್ಬರೂ ಒಂದೇ ರೈಲಿನಲ್ಲಿ ಹೋಗಿ ಒಂದೇ ರೈಲಿನಲ್ಲಿ ಬರುತ್ತಿದ್ದರು. ಮೊದಲ ವರ್ಷ ಬೇರೆ ಬೇರೆ ಡಬ್ಬಿ ಹತ್ತಿದರಂತೆ. ಎರಡನೆಯ ವರ್ಷ ಒಂದೇ ಡಬ್ಬಿ. ಯುದ್ಧ ಬಂದು ರೈಲಿನಲ್ಲಿ ನೂಕುನುಗ್ಗಲಾದ ಮೇಲೆ ಒಂದೇ ಹಲಗೆ. ಆಗ ತಾಮ್ರ ಸಿಕ್ಕುವುದೇ ಕಷ್ಟವಾಗಿತ್ತು. ಯಾರಾದರೂ ಬಾಯ್ಲರನ್ನೇ ಕದ್ದೊಯ್ದರೆ ವಿಮೆ ಬರುತ್ತದೆಯೇ ಎಂದು ಇಬ್ಬರೂ ಸೇರಿ ಏಜೆಂಟರನ್ನು ಪೀಡಿಸಿದರಂತೆ. ಬರುವುದಿಲ್ಲವೆಂದು ಅವರು ಹೇಳಿದ್ದಕ್ಕೆ, ಇವನು ಮೊದಲಿಂದಲೂ ಸರಿಯಿಲ್ಲ ಎಂದು ಇಬ್ಬರೂ ಒಮ್ಮತದಿಂದ ಬೈದುಕೊಂಡು ಬಂದರು. ಅವರು ಒಂದಾದ ವಿಷಯವೆಂದರೆ ನನಗೆ ನೆನಪಿರುವಂತೆ ಅದೊಂದೇ.

ನಲವತ್ತರ ದಶಕದ ನಡುವೆ ಒಂದು ಚಳಿಗಾಲ ಮಾವನವರಿಗೆ ಜ್ವರ ಹಿಡಿದು ಏಳಲಾಗಲಿಲ್ಲ. ಕಂತಿನ ದಿನ ಬಂದಿತ್ತು. ಚಿಕ್ಕಮಾವ ಒಬ್ಬರೇ ಹೋಗಿಬಂದು, ರಸೀದಿಯನ್ನು ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದಮ್ಮ, ಒಳಗೆ ಕೇಳಿಸ್ಲಿ" ಎಂದರು. ಓದಿದೆ. ಒಳಗಿನಿಂದ ಮಾವನವರು, "ಇನ್ನೊಂದ್ಸಲ" ಎಂದರು. ಮತ್ತೆ ಓದಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಸದ್ದಾಯಿತು. ಆಮೇಲೆ ಅವರ ಒಣಗಿದ ಗಂಟಲು ಕೇಳಿಸಿತು. "ಚಳೀಲಿ ಬಂದವ್ನೆ. ನೀರು ಕಾದಿದ್ರೆ ಮೈಮೇಲೆ ಹುಯ್ಕೊಂಡು ಓಗು ಅನ್ನು."

ಚಿಕ್ಕಮಾವ ಬಾಗಿಲಲ್ಲೇ ನಿಂತು ಯೋಚಿಸಿದರು. ನನ್ನ ಮುಖ ನೋಡಿದರು, ಒಳಗೆ ಕತ್ತಲೆಯ ಕಡೆ ನೋಡಿದರು. "ಯಾಕಂತೆ?" ಎಂದು ಮೆಲ್ಲಗೆ ಕೇಳಿದರು.

ನಾನು ಬಚ್ಚಲಿಗೆ ಹೋಗಿ ಎರಡು ಕರಟ ಹಾಕಿ, ಒಗೆದ ಪಂಚೆಯೊಂದನ್ನು ಗೂಟಕ್ಕೆ ತೂಗುಹಾಕಿ ಬಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.